ದೇಹವೂ ದೇವರ ಕೊಡುಗೆ: ಬೌದ್ಧಿಕ ವಿಕಲಚೇತನರ ಆರೋಗ್ಯಕರ ಜೀವನ ಮತ್ತು ನಮ್ಮ ಧರ್ಮಕೇಂದ್ರಗಳ ಹೊಣೆ

ಚಿಕ್ಕಮಗಳೂರು ಜಿಲ್ಲೆಯೆಂದೊಡನೆ ಕಾಫಿ ತೋಟಗಳನ್ನೂ ಗಿರಿಶ್ರೇಣಿಗಳನ್ನೂ ನೆನೆಯುವವರಿಗೆ ಅದರ ಪೂರ್ವೋತ್ತರ ಭಾಗ ಅಷ್ಟಾಗಿ ಪರಿಚಿತವಲ್ಲ. 1947ರವರೆಗೆ ಇಡೀ ಜಿಲ್ಲೆಗೆ ತನ್ನ ಹೆಸರನ್ನು ಕೊಟ್ಟಿದ್ದ ಕಡೂರು, ಅಡಿಕೆ ತೋಟಗಳ ತರೀಕೆರೆ, ಅಮೃತಮಹಲ್ ರಾಸುಗಳ ಅಜ್ಜಂಪುರ ಈ ಭಾಗದ ಮೂರು ತಾಲ್ಲೂಕುಗಳು. ಬೀರೂರಿನಲ್ಲಿ ಕವಲೊಡೆಯುವ ರೈಲು ಮಾರ್ಗದ ಒಂದು ಶಾಖೆ ತರೀಕೆರೆಯ ಮೂಲಕ ಶಿವಮೊಗ್ಗಕ್ಕೂ ಇನ್ನೊಂದು ಅಜ್ಜಂಪುರದ ಮೂಲಕ ಹುಬ್ಬಳ್ಳಿಗೂ ಸಾಗುತ್ತದೆ. ಕಾಫಿ ಸೀಮೆಗೆ ಹೋಲಿಸಿದರೆ ಇಲ್ಲಿ ಕ್ರೈಸ್ತ ಕುಟುಂಬಗಳು ವಿರಳ. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಬೇಕಾದರೆ ಹಲವು ಮೈಲಿ ಸಾಗಬೇಕು. ದೈವಶಾಸ್ತ್ರದ ವಿದ್ಯಾರ್ಥಿಗಳೊಡನೆ ಈ ಭಾಗದಲ್ಲಿ ಮನೆ ಭೇಟಿಗೆಂದು ಹೋದಾಗ ನಾವು ಕಲಿತ ಒಂದು ಪಾಠವೇ ಈ ಲೇಖನಕ್ಕೆ ಪ್ರೇರಣೆ.

ಆ ಮನೆಯಲ್ಲಿ ಮೂವತ್ತು ದಾಟಿದ ಮಗನಿದ್ದನು. ಹುಟ್ಟಿನಿಂದಲೇ ಬೌದ್ಧಿಕ ವಿಕಲಚೇತನನಾದ ಆತ ನಮ್ಮನ್ನು ಕಂಡೊಡನೆ ಎದ್ದು ಬಂದು ಕೈ ಹಿಡಿದನು. ನಾವು ತಂದಿದ್ದ ಸಿಹಿಯ ಪೊಟ್ಟಣವನ್ನು ವಾತ್ಸಲ್ಯದಿಂದಲೇ ಆತನ ಕೈಗಿತ್ತೆವು. ಆಗ ತಾಯಿ, ಕೋಪವಿಲ್ಲದೆ, ಆದರೆ ಬಹಳ ಆಯಾಸದಿಂದ ಹೇಳಿದರು: "ಫಾದರ್, ಬಂದೋರೆಲ್ಲ ಸಿಹೀನೇ ತರ್ತಾರೆ. ಸಕ್ಕರೆ ಕಾಯಿಲೆ ಐತೆ ಅಂತ ಡಾಕ್ಟ್ರು ಹೇಳವ್ರೆ. ಈಗ ಬೇಡ ಅಂದ್ರೆ ನಾನೇ ಕೆಟ್ಟೋಳಾಗ್ತೀನಿ." ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಕರುಣೆ ಆ ಮಗನ ದೇಹಕ್ಕೆ ಹಾನಿಯನ್ನೂ ತಾಯಿಯ ಮನಸ್ಸಿಗೆ ಭಾರವನ್ನೂ ತಂದಿತ್ತು. ಬೌದ್ಧಿಕ ವಿಕಲಚೇತನರ ವಿಷಯದಲ್ಲಿ ನಮ್ಮ ಕರುಣೆಯ ಸ್ವರೂಪವೇನು, ಅದು ಶುಭಸಂದೇಶದ ಕರುಣೆಯೇ ಎಂಬ ಪ್ರಶ್ನೆ ಅಂದಿನಿಂದ ನಮ್ಮನ್ನು ಬಿಟ್ಟಿಲ್ಲ.

ಯಾರನ್ನು ಕುರಿತು ಮಾತನಾಡುತ್ತಿದ್ದೇವೆ?

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಯುಕ್ತ. ಕಲಿಕೆ, ವಿಚಾರಶಕ್ತಿ ಮತ್ತು ದಿನನಿತ್ಯದ ವ್ಯವಹಾರಗಳಲ್ಲಿ ಗಣನೀಯ ಮಿತಿಗಳಿದ್ದು, ಆ ಮಿತಿಗಳು ಬೆಳವಣಿಗೆಯ ವಯಸ್ಸಿನಲ್ಲಿಯೇ ಕಾಣಿಸಿಕೊಂಡಿದ್ದರೆ ಅದನ್ನು ಬೌದ್ಧಿಕ ವೈಕಲ್ಯವೆನ್ನುತ್ತೇವೆ. ಹಿಂದೆ ಬಳಕೆಯಲ್ಲಿದ್ದ 'ಬುದ್ಧಿಮಾಂದ್ಯ' ಎಂಬ ಪದವನ್ನು ಈಗ ಕೈಬಿಡಲಾಗುತ್ತಿದೆ. ಇದು ಮಾನಸಿಕ ಕಾಯಿಲೆಯಲ್ಲ. ಮಾನಸಿಕ ಕಾಯಿಲೆ ಯಾವ ವಯಸ್ಸಿನಲ್ಲಾದರೂ ಬರಬಹುದು, ಚಿಕಿತ್ಸೆಯಿಂದ ಗುಣವಾಗಲೂಬಹುದು. ಬೌದ್ಧಿಕ ವೈಕಲ್ಯವಾದರೋ ಬದುಕಿನುದ್ದಕ್ಕೂ ಇರುವ ಸ್ಥಿತಿ. ಅದರಲ್ಲಿಯೂ ಹಂತಗಳುಂಟು. ಬಹುಪಾಲು ಜನರಲ್ಲಿ ಅದು ಅಲ್ಪ ಪ್ರಮಾಣದ್ದಾಗಿರುತ್ತದೆ. ಅವರು ಮಾತನಾಡಬಲ್ಲರು, ಕೆಲಸ ಕಲಿಯಬಲ್ಲರು, ತಮಗೆ ಬೇಕಾದುದನ್ನು ಹೇಳಬಲ್ಲರು.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 2.68 ಕೋಟಿ ಮಂದಿ ವಿಕಲಚೇತನರಿದ್ದರು. ಅವರಲ್ಲಿ ಬೌದ್ಧಿಕ ವೈಕಲ್ಯವುಳ್ಳವರೆಂದು ದಾಖಲಾದವರು ಸುಮಾರು 15 ಲಕ್ಷ. ಹೊರಗಿನವರ ಪ್ರಶ್ನೆಗೆ ಉತ್ತರಿಸುವಾಗ ಇಂಥ ಮಗುವನ್ನು ಮರೆಮಾಚುವ ಮನೆಗಳು ಇರುವುದರಿಂದ ನಿಜಸಂಖ್ಯೆ ಇದಕ್ಕಿಂತ ಹೆಚ್ಚಿರಬೇಕೆಂದು ಭಾವಿಸುವುದು ಅನುಚಿತವಲ್ಲ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಹಿಂದಿನ ಕಾನೂನಿನ 7 ಬಗೆಯ ವೈಕಲ್ಯಗಳ ಪಟ್ಟಿಯನ್ನು 21ಕ್ಕೆ ವಿಸ್ತರಿಸಿತು. ಆರೋಗ್ಯಸೇವೆಯನ್ನು ಒದಗಿಸುವುದು ಸರ್ಕಾರದ ಕರ್ತವ್ಯವೆಂದು ಅದರ 25ನೇ ಪ್ರಕರಣ ವಿಧಿಸುತ್ತದೆ. ಭಾರತವು 2007ರಲ್ಲಿ ಅನುಮೋದಿಸಿದ ವಿಶ್ವಸಂಸ್ಥೆಯ ಒಡಂಬಡಿಕೆಯ 25ನೇ ವಿಧಿಯೂ ವಿಕಲಚೇತನರಿಗೆ ತಾರತಮ್ಯವಿಲ್ಲದ ಆರೋಗ್ಯದ ಹಕ್ಕಿದೆಯೆಂದು ಸಾರುತ್ತದೆ.

ವೈಕಲ್ಯದ ಮರೆಯಲ್ಲಿ ಉಳಿದುಹೋಗುವ ಕಾಯಿಲೆ

ಬೌದ್ಧಿಕ ವೈಕಲ್ಯವೇ ಒಂದು ಕಾಯಿಲೆಯಲ್ಲವಾದರೂ ಅದರೊಡನೆ ಕೆಲವು ಕಾಯಿಲೆಗಳು ಹೆಚ್ಚಾಗಿ ಕಂಡುಬರುತ್ತವೆ. ಮೂರ್ಛೆರೋಗ, ಮಲಬದ್ಧತೆ, ಹಲ್ಲು ಮತ್ತು ವಸಡಿನ ತೊಂದರೆ, ದೃಷ್ಟಿ ಹಾಗೂ ಶ್ರವಣ ದೋಷ, ಆಹಾರ ನುಂಗುವಾಗಿನ ಕಷ್ಟ, ಸ್ಥೂಲಕಾಯ ಇವು ಮುಖ್ಯವಾದವು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹುಟ್ಟಿನಿಂದಲೇ ಹೃದಯದ ದೋಷವಿರುತ್ತದೆ. ಥೈರಾಯ್ಡ್ ಗ್ರಂಥಿಯ ಕೊರತೆಯೂ ಅವರಲ್ಲಿ ಸಾಮಾನ್ಯ. ಮೂರ್ಛೆಗೆ ಅಥವಾ ವರ್ತನೆಯ ತೊಂದರೆಗೆ ಕೊಡುವ ಕೆಲವು ಔಷಧಿಗಳಿಂದ ಹಸಿವು ಮತ್ತು ತೂಕ ಹೆಚ್ಚುತ್ತವೆ. ಹೀಗೆ ದಪ್ಪಗಾದವನನ್ನು ಕಂಡು 'ತಿನ್ನುವುದೊಂದೇ ಇವನ ಕೆಲಸ' ಎಂದು ನಗುವವರಿಗೆ ಆ ಮಾತ್ರೆಯ ವಿಷಯ ತಿಳಿದಿರುವುದಿಲ್ಲ.

ಇವೆಲ್ಲಕ್ಕಿಂತ ಗಂಭೀರವಾದುದು ಕಾಯಿಲೆಯನ್ನು ಗುರುತಿಸುವಲ್ಲಿನ ತಪ್ಪು. ಮಾತು ಬಾರದವನು ಇದ್ದಕ್ಕಿದ್ದಂತೆ ಊಟ ಬಿಡುತ್ತಾನೆ, ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಾನೆ, ರಾತ್ರಿಯಿಡೀ ಕೂಗುತ್ತಾನೆ. ಮನೆಯವರೂ ಕೆಲವೊಮ್ಮೆ ವೈದ್ಯರೂ 'ಇಂಥವರು ಹೀಗೆಯೇ' ಎಂದು ಸುಮ್ಮನಾಗುತ್ತಾರೆ. ನಿಜವಾಗಿ ಆತನಿಗೆ ಹಲ್ಲುನೋವೋ ಕಿವಿಯ ಸೋಂಕೋ ಹೊಟ್ಟೆಯ ಬಾಧೆಯೋ ಇರಬಹುದು. ವೈಕಲ್ಯದ ನೆರಳು ಕಾಯಿಲೆಯ ಮೇಲೆ ಬಿದ್ದು ಅದನ್ನು ಕಾಣದಂತೆ ಮಾಡುವ ಈ ದೋಷವನ್ನು ವೈದ್ಯಕೀಯ ಲೋಕ ಇಂದು ಒಪ್ಪಿಕೊಂಡಿದೆ. ಇಂಗ್ಲೆಂಡಿನಲ್ಲಿ ಇಂಥವರ ಸಾವುಗಳನ್ನು ಕುರಿತು ನಡೆದು 2013ರಲ್ಲಿ ಪ್ರಕಟವಾದ ಗೋಪ್ಯ ವಿಚಾರಣೆಯೊಂದರ ಪ್ರಕಾರ, ಬೌದ್ಧಿಕ ವೈಕಲ್ಯವುಳ್ಳ ಪುರುಷರು ಇತರರಿಗಿಂತ ಸರಾಸರಿ 13 ವರ್ಷ ಮೊದಲೂ ಸ್ತ್ರೀಯರು 20 ವರ್ಷ ಮೊದಲೂ ಸಾಯುತ್ತಿದ್ದರು. ಆ ಸಾವುಗಳಲ್ಲಿ ಅನೇಕವನ್ನು ಸಕಾಲದ ಆರೈಕೆಯಿಂದ ತಪ್ಪಿಸಬಹುದಾಗಿತ್ತು. ಸುಸಜ್ಜಿತ ಆಸ್ಪತ್ರೆಗಳಿರುವ ದೇಶದಲ್ಲಿಯೇ ಹೀಗಾದರೆ, ತಜ್ಞವೈದ್ಯರಿಗಾಗಿ ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಬಸ್ಸು ಹಿಡಿಯಬೇಕಾದ ನಮ್ಮ ಹಳ್ಳಿಗಳವರ ಸ್ಥಿತಿಯನ್ನು ಊಹಿಸಬಹುದು.

ದೇವದೂತರೆಂಬ ಹೊಗಳಿಕೆ

ಈ ಅಲಕ್ಷ್ಯಕ್ಕೆ ತಾತ್ಸಾರವೊಂದೇ ಕಾರಣವಲ್ಲ. ನಮ್ಮ ಭಕ್ತಿಯ ಭಾಷೆಯೂ ಅದಕ್ಕೆ ಕಾರಣವಾಗಿರಬಹುದೆಂಬ ಶಂಕೆ ನಮ್ಮದು. ಒಂದು ಕಡೆ ಅವರನ್ನು ಹೀನಾಯವಾದ ಹೆಸರುಗಳಿಂದ ಕರೆಯುವವರಿದ್ದಾರೆ. ಇನ್ನೊಂದು ಕಡೆ 'ದೇವರಂಥ ಮಗು', 'ಪಾಪವರಿಯದ ದೇವದೂತ' ಎಂದು ಹೊಗಳುವವರಿದ್ದಾರೆ. ಎರಡನೆಯದು ಮೊದಲನೆಯದಕ್ಕಿಂತ ಮೇಲೆಂಬುದರಲ್ಲಿ ಸಂಶಯವಿಲ್ಲ. ಹೆತ್ತವರು ಅಂಥ ಮಾತಿನಿಂದ ಸಾಂತ್ವನ ಪಡೆಯುವುದನ್ನು ನಾವು ಆಕ್ಷೇಪಿಸುವುದೂ ಇಲ್ಲ. ಆದರೂ ದೈವಶಾಸ್ತ್ರದ ದೃಷ್ಟಿಯಿಂದ ಆ ಮಾತಿನಲ್ಲೊಂದು ಅಪಾಯವಿದೆ. ದೇವದೂತರಿಗೆ ದೇಹವಿಲ್ಲ. ಅವರಿಗೆ ಹಲ್ಲು ಹುಳುಕಾಗುವುದಿಲ್ಲ, ರಕ್ತದಲ್ಲಿ ಸಕ್ಕರೆ ಏರುವುದಿಲ್ಲ, ಮುಪ್ಪು ಬರುವುದಿಲ್ಲ. ಒಬ್ಬ ಮನುಷ್ಯನನ್ನು ದೇವದೂತನೆಂದು ಕರೆದಾಗ ನಾವು ಅರಿವಿಲ್ಲದೆ ಆತನ ದೇಹವನ್ನು ಮರೆಯುತ್ತೇವೆ. ನಲವತ್ತು ವರ್ಷದವನನ್ನು 'ಮಗು' ಎಂದಾಗ ಆತನ ವಯಸ್ಸನ್ನೂ, ಆ ವಯಸ್ಸಿಗೆ ಬೇಕಾದ ತಪಾಸಣೆಯನ್ನೂ, ಆತನ ಇಚ್ಛೆಯನ್ನೂ ಮರೆಯುತ್ತೇವೆ.

ನಮ್ಮ ವಿಶ್ವಾಸದ ಕೇಂದ್ರದಲ್ಲಿರುವುದು ಮನುಷ್ಯಾವತಾರದ ರಹಸ್ಯ. ದೇವರ ವಾಕ್ಯವು ದೇಹಧಾರಿಯಾಯಿತೆಂದು ನಾವು ಸಾರುತ್ತೇವೆ. ಆದ್ದರಿಂದ ದೇಹವನ್ನು ಬದಿಗಿಟ್ಟು ಆತ್ಮವನ್ನು ಮಾತ್ರ ಪ್ರೀತಿಸುವ ಮಾರ್ಗ ಕ್ರೈಸ್ತರಿಗಿಲ್ಲ. ಮಾರ್ಕನ ಶುಭಸಂದೇಶದ 5ನೇ ಅಧ್ಯಾಯವನ್ನು ಗಮನಿಸೋಣ. ಯಾಯೀರನ ಮಗಳನ್ನು ಸಾವಿನಿಂದ ಎಬ್ಬಿಸಿದ ಪ್ರಭು, ಮನೆಯವರು ವಿಸ್ಮಯದಲ್ಲಿ ಮುಳುಗಿರುವಾಗ, ಆಕೆಗೆ ತಿನ್ನಲು ಏನಾದರೂ ಕೊಡಿರೆಂದು ಆಜ್ಞಾಪಿಸುತ್ತಾರೆ. ಪವಾಡವನ್ನು ಕಂಡವರು ಮರೆತ ಹಸಿವನ್ನು ಪವಾಡ ಮಾಡಿದವರು ಮರೆಯಲಿಲ್ಲ. ಅರಸುಗಳ ಮೊದಲನೆಯ ಗ್ರಂಥದಲ್ಲಿ ಸಾವನ್ನು ಬಯಸಿ ಮಲಗಿದ ಪ್ರವಾದಿ ಎಲೀಯನಿಗೆ ದೊರೆತ ಮೊದಲ ಸಾಂತ್ವನವೆಂದರೆ ನಿದ್ದೆ, ರೊಟ್ಟಿ ಮತ್ತು ನೀರು. ಅನಂತರವೇ ಆತ ನಲವತ್ತು ದಿನ ನಡೆದು ದೇವರ ಬೆಟ್ಟವನ್ನು ತಲಪುತ್ತಾನೆ. ನಿದ್ದೆ, ಆಹಾರ, ನೀರು, ನಡಿಗೆ: ಆರೋಗ್ಯಕರ ಜೀವನವೆಂದು ಇಂದು ನಾವು ಕರೆಯುವುದರ ಬಹುಭಾಗ ಆ ಒಂದು ಅಧ್ಯಾಯದಲ್ಲಿಯೇ ಇದೆ.

ಕಥೋಲಿಕ ಧರ್ಮೋಪದೇಶವು (2288) ಜೀವ ಮತ್ತು ಶಾರೀರಿಕ ಆರೋಗ್ಯ ದೇವರು ನಮಗೆ ಒಪ್ಪಿಸಿದ ಅಮೂಲ್ಯ ಕೊಡುಗೆಗಳೆಂದೂ, ಇತರರ ಅಗತ್ಯವನ್ನೂ ಸಾರ್ವಜನಿಕ ಹಿತವನ್ನೂ ಗಮನದಲ್ಲಿಟ್ಟುಕೊಂಡು ಅವನ್ನು ವಿವೇಕದಿಂದ ಕಾಪಾಡಬೇಕೆಂದೂ ಬೋಧಿಸುತ್ತದೆ. ಅದರ ಮುಂದಿನ ಪರಿಚ್ಛೇದ ದೇಹಾರಾಧನೆಯನ್ನು ತಿರಸ್ಕರಿಸುತ್ತದೆ. ಎರಡೂ ಮಾತುಗಳು ನಮಗೆ ಬೇಕು. ಸುಂದರವೂ ದೃಢವೂ ಆದ ದೇಹವೇ ಬದುಕಿನ ಗುರಿಯೆಂದು ನಂಬುವ ಲೋಕದಲ್ಲಿ ವಿಕಲಚೇತನನಿಗೆ ಸ್ಥಾನವಿರದು. ಆದರೆ ಆ ಲೋಕವನ್ನು ನಿರಾಕರಿಸುವ ನೆಪದಲ್ಲಿ ಆತನ ದೇಹವನ್ನೇ ಅಲಕ್ಷಿಸುವುದು ಸಲ್ಲದು. ವಿಕಲಚೇತನರು ಸಾಧ್ಯವಾದಷ್ಟು ಸಹಜ ಜೀವನ ನಡೆಸಲು ನೆರವಾಗಬೇಕೆಂದು ಅದೇ ಗ್ರಂಥ (2276) ಹೇಳುತ್ತದೆ. 2024ರಲ್ಲಿ ವಿಶ್ವಾಸ ಬೋಧನೆಯ ಪೀಠವು ಪ್ರಕಟಿಸಿದ 'ದಿಗ್ನಿತಾಸ್ ಇನ್ಫಿನಿತಾ' ಘೋಷಣೆಯೂ ಮಾನವ ಘನತೆ ಸಾಮರ್ಥ್ಯವನ್ನು ಅವಲಂಬಿಸಿಲ್ಲವೆಂಬುದನ್ನು ಪುನರುಚ್ಚರಿಸಿ, ವಿಕಲಚೇತನರು ಸಮಾಜದಲ್ಲಿಯೂ ಧರ್ಮಸಭೆಯಲ್ಲಿಯೂ ಸಕ್ರಿಯವಾಗಿ ಪಾಲ್ಗೊಳ್ಳಬೇಕೆಂದು ಒತ್ತಿಹೇಳುತ್ತದೆ.

ಸಂಯಮವೆಂಬ ಸದ್ಗುಣ ಅವರಿಗೂ ಉಂಟೆ?

ಇಲ್ಲಿ ಒಂದು ಆಕ್ಷೇಪಣೆ ಏಳುತ್ತದೆ. ಆರೋಗ್ಯಕರ ಜೀವನಕ್ಕೆ ಸಂಯಮ ಬೇಕು, ಸಂಯಮಕ್ಕೆ ವಿವೇಕ ಬೇಕು. ಬುದ್ಧಿಶಕ್ತಿಯೇ ಸೀಮಿತವಾಗಿರುವಾಗ ವಿವೇಕವೆಲ್ಲಿಂದ ಬರಬೇಕು? ಆದ್ದರಿಂದ ಅವರು ಕೇಳಿದ್ದನ್ನು ಕೊಟ್ಟು ಸಂತೋಷಪಡಿಸುವುದೇ ಸರಿ ಎಂದು ಕೆಲವರು, ಕಟ್ಟುನಿಟ್ಟಾಗಿ ಬೀಗ ಹಾಕಿ ನಿಯಂತ್ರಿಸುವುದೇ ಸರಿ ಎಂದು ಕೆಲವರು. ಮೇಲುನೋಟಕ್ಕೆ ವಿರುದ್ಧವಾದ ಈ ಎರಡು ನಿಲುವುಗಳ ತಳಹದಿ ಒಂದೇ: ಆತನಿಂದ ಏನೂ ಆಗದು.

ಸಂತ ಥಾಮಸ್ ಅಕ್ವೀನಾಸರ ಬೋಧನೆ ಇಲ್ಲಿ ದಾರಿ ತೋರುತ್ತದೆ. 'ಸುಮ್ಮಾ ಥಿಯೊಲೊಜಿಯೆ'ಯ ಮೂರನೆಯ ಭಾಗದಲ್ಲಿ, ಹುಟ್ಟಿನಿಂದಲೇ ಬುದ್ಧಿಯ ಬಳಕೆಯಿಲ್ಲದವರಿಗೂ, ಶಿಶುಗಳಿಗೆ ಕೊಡುವಂತೆಯೇ, ಧರ್ಮಸಭೆಯ ವಿಶ್ವಾಸದಲ್ಲಿ ಜ್ಞಾನಸ್ನಾನ ಕೊಡಬೇಕೆಂದು ಅವರು ತೀರ್ಮಾನಿಸುತ್ತಾರೆ. ಎರಡನೆಯ ಭಾಗದಲ್ಲಿ ವಿವೇಕವನ್ನು ಚರ್ಚಿಸುವಾಗ, ಜ್ಞಾನಸ್ನಾನ ಪಡೆದ ಶಿಶುಗಳಲ್ಲಿಯೂ ಇಂಥವರಲ್ಲಿಯೂ ವಿವೇಕವು ಕ್ರಿಯೆಯಾಗಿ ಇಲ್ಲದಿದ್ದರೂ ಒಳಗೆ ನೆಲೆಗೊಂಡ ಗುಣವಾಗಿ ಇದೆಯೆನ್ನುತ್ತಾರೆ. ದೈವಪ್ರೀತಿಯೊಡನೆ ಎಲ್ಲ ನೈತಿಕ ಸದ್ಗುಣಗಳೂ ಅನುಗ್ರಹಿಸಲ್ಪಡುತ್ತವೆಂಬುದು ಅವರ ಮತ. ಇದರಿಂದ ನಾವು ಹೀಗೆ ಮುಂದುವರಿಯಬಹುದು: ಬುದ್ಧಿಯ ಬಳಕೆ ತೀರ ಇಲ್ಲದವನ ಆತ್ಮದಲ್ಲಿಯೇ ಸಂಯಮದ ಬೀಜವಿದ್ದರೆ, ಆ ಬಳಕೆ ತಕ್ಕಮಟ್ಟಿಗೆ ಇರುವ ನಮ್ಮ ಬಹುಪಾಲು ವಿಕಲಚೇತನರಲ್ಲಿ ಅದು ಮೊಳೆಯಲೂಬಹುದು. ಬೀಜವಿರುವಲ್ಲಿ ನೀರೆರೆಯುವುದು ನಮ್ಮ ಕೆಲಸ.

ನೀರೆರೆಯುವುದೆಂದರೆ ರೂಢಿ ಮಾಡಿಸುವುದು. ಹೊತ್ತಿಗೆ ಸರಿಯಾಗಿ, ಅದೇ ಕ್ರಮದಲ್ಲಿ, ಅದೇ ವ್ಯಕ್ತಿಯ ಜೊತೆ ದಿನದಿನವೂ ಮಾಡಿದ ಕೆಲಸ ಅವರಲ್ಲಿ ಬಲವಾಗಿ ನಿಲ್ಲುತ್ತದೆ. ದೀರ್ಘ ವಿವರಣೆಗಿಂತ ಒಂದು ಚಿತ್ರ, ಚಿತ್ರಕ್ಕಿಂತ ಮಾಡಿ ತೋರಿಸುವುದು ಹೆಚ್ಚು ಫಲಕಾರಿ. ಆಯ್ಕೆಗೂ ಅವಕಾಶವಿರಬೇಕು. ಬಾರ್ತಿಮಾಯನ ಕುರುಡು ಎಲ್ಲರ ಕಣ್ಣಿಗೂ ಕಾಣುತ್ತಿದ್ದರೂ, ತಾನು ಏನು ಮಾಡಬೇಕೆಂದು ಬಯಸುತ್ತೀಯೆ ಎಂದು ಪ್ರಭು ಆತನನ್ನೇ ಕೇಳಿದರು. ಅಂತೆಯೇ 'ಬಾಳೆಹಣ್ಣು ಬೇಕೋ ಸೀಬೆಹಣ್ಣು ಬೇಕೋ', 'ಕೆರೆಯ ಕಡೆ ನಡೆಯೋಣವೋ ತೋಟದ ಕಡೆಯೋ' ಎಂದು ಎರಡನ್ನು ಮುಂದಿಟ್ಟು ಕೇಳುವುದು ಸಣ್ಣ ವಿಷಯವಲ್ಲ. ಒಬ್ಬನಿಂದ ಉತ್ತರವನ್ನು ನಿರೀಕ್ಷಿಸುವುದು ಆತನನ್ನು ವ್ಯಕ್ತಿಯೆಂದು ಒಪ್ಪುವುದರ ಗುರುತು.

ತಟ್ಟೆ, ನಡಿಗೆ, ಹಲ್ಲು

ಈ ಮೂರು ತಾಲ್ಲೂಕುಗಳ ಊಟದಲ್ಲಿ ಆರೋಗ್ಯಕ್ಕೆ ಬೇಕಾದುದೆಲ್ಲ ಇದೆ. ರಾಗಿ, ಹುರುಳಿ, ಅವರೆ, ಸೊಪ್ಪು, ಮಜ್ಜಿಗೆ ಇವುಗಳಿಗೆ ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ. ಆದರೂ ಒಂದು ಎಚ್ಚರ ಅಗತ್ಯ. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ರೂಢಿ. ನುಂಗುವ ಕಷ್ಟವಿರುವವರಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಊಟದ ನಡುವೆ ಪದೇ ಪದೇ ಕೆಮ್ಮುವುದು, ಊಟವಾದ ಮೇಲೆ ದನಿ ಗೊರಗೊರವೆನ್ನುವುದು, ಆಗಾಗ ಎದೆಯ ಸೋಂಕಾಗುವುದು ಇದರ ಸೂಚನೆಗಳು. ಅಂಥವರನ್ನು ನೆಟ್ಟಗೆ ಕೂರಿಸಿ, ಅವಸರಪಡಿಸದೆ, ವೈದ್ಯರ ಸಲಹೆಯಂತೆ ಹದಮಾಡಿದ ಮೆದು ಆಹಾರವನ್ನು ಚಿಕ್ಕ ತುತ್ತುಗಳಲ್ಲಿ ಕೊಡಬೇಕು.

ತರೀಕೆರೆಯ ಸುತ್ತ ಅಡಿಕೆಯೇ ಬದುಕು. ಅಡಿಕೆ ಸುಲಿಯುವಲ್ಲಿ ಕುಳಿತವನ ಬಾಯಿಗೂ ಒಂದು ಹೋಳು ಸೇರುತ್ತದೆ. ಕ್ರಮೇಣ ಅದು ಎಲೆ, ಸುಣ್ಣ, ಹೊಗೆಸೊಪ್ಪಿನವರೆಗೆ ಹೋಗುತ್ತದೆ. ತಮಾಷೆಗೆಂದು ವಿಕಲಚೇತನನ ಬಾಯಿಗೆ ಗುಟ್ಕಾ ಹಾಕುವವರೂ ಇಲ್ಲದಿಲ್ಲ. ಅಡಿಕೆ ಅಗಿಯುವುದರಿಂದ ಬಾಯಿಯ ಕ್ಯಾನ್ಸರ್ ಬರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿಯೇ ಪ್ರಕಟಿಸಿದೆ. ಬೆಳೆಯುವವರ ಜೀವನೋಪಾಯವನ್ನು ನಾವು ಹಳಿಯುತ್ತಿಲ್ಲ. ಬಾಯಿಯೊಳಗಿನ ಹುಣ್ಣನ್ನು ಹೇಳಿಕೊಳ್ಳಲಾರದವನ ಬಾಯಿಯನ್ನು ಇನ್ನಷ್ಟು ಅಪಾಯಕ್ಕೆ ಒಡ್ಡಬಾರದೆಂದಷ್ಟೇ ನಮ್ಮ ವಿನಂತಿ. ದಿನಕ್ಕೆರಡು ಬಾರಿ ಹಲ್ಲುಜ್ಜಿಸುವುದು, ವರ್ಷಕ್ಕೊಮ್ಮೆಯಾದರೂ ದಂತವೈದ್ಯರಿಗೆ ತೋರಿಸುವುದು ಇದರೊಡನೆ ಸೇರಬೇಕು.

ನಡಿಗೆಯ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಯಸ್ಕರಿಗೆ ವಾರದಲ್ಲಿ 150ರಿಂದ 300 ನಿಮಿಷಗಳ ಮಧ್ಯಮ ಪರಿಶ್ರಮವನ್ನು ಸೂಚಿಸುತ್ತದೆ, ಮತ್ತು ಇದು ವಿಕಲಚೇತನರಿಗೂ ಅನ್ವಯವೆಂದು ಮೊದಲ ಬಾರಿಗೆ ಸ್ಪಷ್ಟವಾಗಿ ಹೇಳುತ್ತದೆ. ದಿನಕ್ಕೆ ಅರ್ಧ ಗಂಟೆ, ವಾರಕ್ಕೆ ಐದು ದಿನ ನಡೆದರೆ ಕನಿಷ್ಠ ಗುರಿ ತಲಪಿದಂತೆ. ಹಳ್ಳಿಯಲ್ಲಿ ಜಾಗಕ್ಕೆ ಕೊರತೆಯಿಲ್ಲ, ಜೊತೆಗಾರರಿಗೆ ಕೊರತೆ. ಮಗ ತಪ್ಪಿಸಿಕೊಂಡಾನು, ರಸ್ತೆಯಲ್ಲಿ ಯಾರಾದರೂ ಗೇಲಿ ಮಾಡಿಯಾರು, ಮಗಳಿಗೆ ಯಾರಾದರೂ ಕೇಡು ಬಗೆದಾರು ಎಂಬ ಭಯದಿಂದ ತಾಯ್ತಂದೆಯರು ಅವರನ್ನು ಮನೆಯೊಳಗೇ ಕೂರಿಸುತ್ತಾರೆ. ಭಯ ನಿರಾಧಾರವಲ್ಲವಾದ್ದರಿಂದ ಉಪದೇಶದಿಂದ ಅದು ಹೋಗದು. ಜೊತೆಗೆ ನಡೆಯುವವರು ಬಂದರೆ ಮಾತ್ರ ಹೋದೀತು.

ಆಟದ ಮೈದಾನವೂ ಅವರದೇ. 1968ರಲ್ಲಿ ಕಥೋಲಿಕ ಮಹಿಳೆ ಯೂನಿಸ್ ಕೆನಡಿ ಶ್ರೈವರ್ ಅವರ ಮುಂದಾಳುತನದಲ್ಲಿ ಷಿಕಾಗೋದಲ್ಲಿ ಆರಂಭವಾದ ಸ್ಪೆಷಲ್ ಒಲಿಂಪಿಕ್ಸ್ ಇಂದು ಭಾರತದಲ್ಲಿಯೂ ಸ್ಪೆಷಲ್ ಒಲಿಂಪಿಕ್ಸ್ ಭಾರತ್ ಎಂಬ ಹೆಸರಿನಲ್ಲಿದೆ. 1997ರಿಂದ ಅದು ಕ್ರೀಡಾಪಟುಗಳ ಕಣ್ಣು, ಕಿವಿ, ಹಲ್ಲು, ಪಾದಗಳ ಉಚಿತ ತಪಾಸಣೆಯನ್ನು ಆಟದೊಡನೆ ಸೇರಿಸಿತು. ಆಡಲು ಬಂದವರಲ್ಲಿ ಯಾರೂ ಗಮನಿಸದ ಎಷ್ಟೋ ತೊಂದರೆಗಳು ಹೀಗೆ ಬೆಳಕಿಗೆ ಬಂದವು. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಕತ್ತಿನ ಮೂಳೆಗಳ ಜೋಡಣೆ ಸಡಿಲವಾಗಿರುವುದರಿಂದ ಲಾಗ ಹಾಕುವಂಥ ಆಟಗಳಿಗೆ ಮುನ್ನ ವೈದ್ಯರ ಅನುಮತಿ ಬೇಕೆಂಬುದನ್ನು ನಾವು ನೆನಪಿಡಬೇಕು.

ಇರುವ ಸೌಲಭ್ಯಗಳ ಅರಿವು

ಸರ್ಕಾರ ಏನನ್ನೂ ಮಾಡಿಲ್ಲವೆಂಬುದು ಸರಿಯಲ್ಲ. ಮಾಡಿದ್ದು ಮನೆಯವರೆಗೆ ತಲಪುವುದಿಲ್ಲವೆಂಬುದು ಸತ್ಯಕ್ಕೆ ಹತ್ತಿರ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ವಿಕಲಚೇತನರಿಗಾಗಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ತಾಲ್ಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರೂ ಇದ್ದಾರೆ. ಇವರಲ್ಲಿ ಅನೇಕರು ಸ್ವತಃ ವಿಕಲಚೇತನರು. ಯುಡಿಐಡಿ ಗುರುತಿನ ಚೀಟಿ, ಮಾಸಾಶನ ಮುಂತಾದವುಗಳಿಗೆ ದಾರಿ ತೋರುವವರು ಇವರೇ. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮದಡಿ ನಡೆಯುವ 'ನಿರಾಮಯ' ಆರೋಗ್ಯ ವಿಮೆ ಬೌದ್ಧಿಕ ವೈಕಲ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಮತ್ತು ಬಹುವಿಧ ವೈಕಲ್ಯವುಳ್ಳವರಿಗೆ 1 ಲಕ್ಷ ರೂಪಾಯಿಯವರೆಗೆ ಚಿಕಿತ್ಸಾ ವೆಚ್ಚ ಭರಿಸುತ್ತದೆ. ಮುಂಚಿತವಾಗಿ ವೈದ್ಯಕೀಯ ಪರೀಕ್ಷೆಯ ಷರತ್ತಿಲ್ಲ. ಹೆತ್ತವರ ಕಾಲಾನಂತರದ ಪಾಲಕತ್ವಕ್ಕೂ ಅದೇ ಅಧಿನಿಯಮದಲ್ಲಿ ಜಿಲ್ಲಾ ಮಟ್ಟದ ಸಮಿತಿಯ ಏರ್ಪಾಡಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಶಾಲೆಗಳಿಗೆ ಬಂದು 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುತ್ತವೆ. ಮಗುವನ್ನು ಅಂಗನವಾಡಿಗೆ ಕಳುಹಿಸದ ಮನೆಗೆ ಆ ತಂಡದ ಪ್ರಯೋಜನ ದೊರೆಯದು. ಭಾನುವಾರದ ಪ್ರಕಟಣೆಗಳಲ್ಲಿ ಈ ವಿಷಯಗಳಿಗೂ ಎರಡು ನಿಮಿಷ ಮೀಸಲಿಟ್ಟರೆ ಅದೂ ಪಾಲನಾ ಸೇವೆಯೇ.

ಧರ್ಮಕೇಂದ್ರ ಏನು ಮಾಡಬಹುದು?

ದೊಡ್ಡ ಸಂಸ್ಥೆಗಳನ್ನು ಕಟ್ಟುವ ಶಕ್ತಿ ಈ ಭಾಗದ ಸಣ್ಣ ಧರ್ಮಕೇಂದ್ರಗಳಿಗಿಲ್ಲ. ಆದರೂ ನಾಲ್ಕು ಕೆಲಸಗಳು ಅವುಗಳ ಕೈಗೆಟಕುವಂಥವೆಂದು ನಾವು ಭಾವಿಸುತ್ತೇವೆ.

ಮೊದಲನೆಯದು, ಸಿಹಿಯ ಬದಲು ಸಮಯವನ್ನು ಕೊಡುವುದು. ಯುವಜನರಲ್ಲಿ ಇಬ್ಬಿಬ್ಬರು ಸರದಿಯ ಮೇಲೆ ವಾರಕ್ಕೆರಡು ಸಂಜೆ ಬಂದು ಜೊತೆಗೆ ನಡೆದರೆ ಸಾಕು. ಕುಟುಂಬ ಕ್ರೈಸ್ತರದೇ ಆಗಿರಬೇಕೆಂದಿಲ್ಲ. ಒಳ್ಳೆಯ ಸಮಾರ್ಯದವನು ಗಾಯಾಳುವಿನ ಮತವನ್ನು ವಿಚಾರಿಸಲಿಲ್ಲ.

ಎರಡನೆಯದು, ಪಥ್ಯವನ್ನು ಹಂಚಿಕೊಳ್ಳುವುದು. ಒಬ್ಬನಿಗೆ ಪಥ್ಯ ವಿಧಿಸಿ ಉಳಿದವರು ಆತನ ಎದುರಿಗೇ ಸಿಹಿ ತಿನ್ನುವುದು ನ್ಯಾಯವಲ್ಲ. ತನ್ನ ಊಟ ಸಹೋದರನಿಗೆ ಎಡವುಗಲ್ಲಾಗುವುದಾದರೆ ತಾನು ಮಾಂಸವನ್ನೇ ತಿನ್ನುವುದಿಲ್ಲವೆಂದು ಸಂತ ಪೌಲರು ಕೊರಿಂಥದವರಿಗೆ ಬರೆದ ಮಾತು ಇಲ್ಲಿ ನೇರವಾಗಿ ಅನ್ವಯಿಸುತ್ತದೆ. ತಪಸ್ಸುಕಾಲದಲ್ಲಿ ಇಡೀ ಮನೆಯೇ ಆತನೊಡನೆ ಸಕ್ಕರೆಯನ್ನು ಬಿಟ್ಟರೆ ಅದು ಸಾರ್ಥಕ ಉಪವಾಸ. ಧರ್ಮಕೇಂದ್ರದ ಹಬ್ಬದ ಊಟದಲ್ಲಿಯೂ ಆತ ಪಂಕ್ತಿಯಿಂದ ಹೊರಗುಳಿಯದಂತೆ ಆತನಿಗೆ ಹಿತವಾದುದೊಂದನ್ನು ಎಲ್ಲರಿಗೂ ಬಡಿಸಬಹುದು.

ಮೂರನೆಯದು, ಆರೈಕೆ ಮಾಡುವವರ ಆರೈಕೆ. ಎಪ್ಪತ್ತರ ತಾಯಿ ನಲವತ್ತರ ಮಗನನ್ನು ಎತ್ತಿ ಸ್ನಾನ ಮಾಡಿಸುತ್ತಾಳೆ. ಆಕೆಯ ಬೆನ್ನು, ಆಕೆಯ ರಕ್ತದೊತ್ತಡ, ಆಕೆಯ ನಿದ್ದೆ ಯಾರ ಲೆಕ್ಕದಲ್ಲಿಯೂ ಇಲ್ಲ. ತಿಂಗಳಲ್ಲಿ ಒಂದು ದಿನ ಮಗನನ್ನು ನೋಡಿಕೊಳ್ಳಲು ಪರಿಚಿತರಾದ ಇಬ್ಬರು ಬಂದರೆ ಆಕೆ ಆಸ್ಪತ್ರೆಗಾದರೂ ಹೋಗಿ ಬರಬಲ್ಲಳು. 'ನನ್ನ ನಂತರ ಇವನ ಗತಿಯೇನು' ಎಂಬ ಆಕೆಯ ಪ್ರಶ್ನೆಗೆ ದೇವರಿದ್ದಾನೆಂಬ ಉತ್ತರ ಸತ್ಯವೇ ಆದರೂ, ನಾವೂ ಇದ್ದೇವೆಂಬ ಮಾತು ಸೇರದಿದ್ದರೆ ಅದು ಅಪೂರ್ಣ.

ನಾಲ್ಕನೆಯದು, ರಕ್ಷಣೆ. ಆರೋಗ್ಯಕರ ಜೀವನವೆಂದರೆ ಭಯವಿಲ್ಲದ ಜೀವನವೂ ಹೌದು. ಬೌದ್ಧಿಕ ವಿಕಲಚೇತನರು ಲೈಂಗಿಕ ದೌರ್ಜನ್ಯಕ್ಕೆ ಇತರರಿಗಿಂತ ಸುಲಭವಾಗಿ ತುತ್ತಾಗುತ್ತಾರೆ. ತಮ್ಮ ದೇಹ ತಮ್ಮದೆಂದು, ಬೇಡವೆನ್ನಬಹುದೆಂದು ಅವರಿಗೆ ಕಲಿಸಬೇಕು. ಸೇವೆಗೆ ಬರುವ ಯಾರೂ, ಗುರುಗಳೂ ಸೇರಿದಂತೆ, ಒಬ್ಬರೇ ಮುಚ್ಚಿದ ಬಾಗಿಲ ಹಿಂದೆ ಅವರೊಡನೆ ಇರಬಾರದು. ಇಲ್ಲಿ ಒಂದು ನೋವಿನ ನೆನಪು ಅನಿವಾರ್ಯ. 1964ರಲ್ಲಿ ಫ್ರಾನ್ಸಿನಲ್ಲಿ ಜಾನ್ ವನಿಯೇ ಆರಂಭಿಸಿದ ಲಾರ್ಶ್ ಸಮುದಾಯಗಳಲ್ಲಿ ಬೌದ್ಧಿಕ ವಿಕಲಚೇತನರೂ ಇತರರೂ ಒಂದೇ ಮನೆಯಲ್ಲಿ ಒಟ್ಟಿಗೆ ಬಾಳುತ್ತಾರೆ. 1970ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆಶಾ ನಿಕೇತನ ಆ ಕುಟುಂಬದ ಭಾರತದ ಮೊದಲ ಮನೆ. ಆದರೆ ಆಧ್ಯಾತ್ಮಿಕ ಮಾರ್ಗದರ್ಶನಕ್ಕೆಂದು ಬಂದ ಹಲವು ಮಹಿಳೆಯರ ಮೇಲೆ ವನಿಯೇ ದೌರ್ಜನ್ಯವೆಸಗಿದ್ದರೆಂದು ಲಾರ್ಶ್ ತಾನೇ ನಡೆಸಿದ ತನಿಖೆ 2020ರಲ್ಲಿ ಬಹಿರಂಗಪಡಿಸಿತು. ಸಂಸ್ಥಾಪಕನ ಕೀರ್ತಿಗಿಂತ ಸತ್ಯ ದೊಡ್ಡದೆಂದು ಆ ಸಮುದಾಯ ಒಪ್ಪಿತು. ಪಾವಿತ್ರ್ಯದ ಹೆಸರು ಪರಿಶೀಲನೆಗೆ ಅಡ್ಡಿಯಾಗಬಾರದೆಂಬ ಪಾಠ ನಮಗೂ ಸಲ್ಲುತ್ತದೆ.

ಬಲಿಪೀಠದ ಮುಂದೆ

ವಿಕಲಚೇತನರಿಗೂ ಅವರ ಸ್ಥಿತಿಗೆ ತಕ್ಕಂತೆ ಧರ್ಮೋಪದೇಶ ದೊರೆಯುವಂತೆ ನೋಡಿಕೊಳ್ಳುವುದು ಧರ್ಮಕೇಂದ್ರದ ಗುರುಗಳ ಕರ್ತವ್ಯವೆಂದು 1983ರ ಧರ್ಮಸಭಾ ಕಾನೂನು (777) ವಿಧಿಸಿದೆ. ದೇಹವು ಪವಿತ್ರಾತ್ಮರ ಆಲಯವೆಂಬುದು ಆ ಉಪದೇಶದ ಒಂದು ಅಂಗವಲ್ಲವೆ? ಹಾಗಿದ್ದಲ್ಲಿ ಕೈ ತೊಳೆಯುವುದು, ಹಲ್ಲುಜ್ಜುವುದು, ನಡೆಯುವುದು, ಸಾಕೆನ್ನುವುದು ಇವೂ ಧರ್ಮೋಪದೇಶದ ಪಾಠಗಳೇ. ದೇಹದಲ್ಲಿ ದುರ್ಬಲವೆಂದು ತೋರುವ ಅಂಗಗಳೇ ಅತ್ಯಗತ್ಯವಾದವೆಂದು ಸಂತ ಪೌಲರು ಬರೆದಾಗ ಅವರು ಅಲಂಕಾರಕ್ಕಾಗಿ ಹಾಗೆನ್ನಲಿಲ್ಲ. ಅತ್ಯಗತ್ಯವಾದ ಅಂಗಕ್ಕೆ ನೋವಾದರೆ ಇಡೀ ದೇಹಕ್ಕೆ ತಿಳಿಯುತ್ತದೆ. ಕಡೂರಿನ ಹೊರವಲಯದ ಒಂದು ಮನೆಯಲ್ಲಿ ಮಾತು ಬಾರದವನೊಬ್ಬನಿಗೆ ಹಲ್ಲುನೋವಾದರೆ ಅದು ನಮಗೆ ತಿಳಿಯುತ್ತದೆಯೇ? ನಾವು ಒಂದೇ ದೇಹವಾಗಿದ್ದೇವೋ ಇಲ್ಲವೋ ಎಂಬುದನ್ನು ಅಳೆಯಲು ಇದಕ್ಕಿಂತ ಸರಳವಾದ ಪ್ರಶ್ನೆ ನಮಗೆ ತೋರದು.

ಅದೇ ಮನೆಗೆ ನಾವು ಮತ್ತೆ ಹೋದಾಗ ಕೈಯಲ್ಲಿ ಪೊಟ್ಟಣವಿರಲಿಲ್ಲ. ಆತ ನಮ್ಮ ಕೈಗಳನ್ನು ನೋಡಿ ತುಸು ನಿರಾಶನಾದನೆಂಬುದನ್ನು ಒಪ್ಪಿಕೊಳ್ಳಬೇಕು. ಅನಂತರ ವಿದ್ಯಾರ್ಥಿಗಳಲ್ಲಿ ಒಬ್ಬರು ಚಪ್ಪಲಿಯನ್ನು ಆತನ ಮುಂದಿಟ್ಟು, ಎತ್ತ ಹೋಗೋಣವೆಂದು ಕೇಳಿದರು. ಆತ ಬಹಳ ಹೊತ್ತು ಯೋಚಿಸಿ ತೋಟದ ಕಡೆಗೆ ಬೆರಳು ತೋರಿಸಿದನು. ಅವರು ಹಿಂದಿರುಗುವಷ್ಟರಲ್ಲಿ ತಾಯಿ ಜಗಲಿಯ ಮೇಲೆ ಕುಳಿತಲ್ಲಿಯೇ ಕಣ್ಣು ಮುಚ್ಚಿದ್ದರು. ಎಷ್ಟು ದಿನಗಳ ಮೇಲೆ ಸಿಕ್ಕ ಹಗಲಿನ ವಿರಾಮವೋ ಅದು. ನಾವು ಅವರನ್ನು ಎಬ್ಬಿಸಲಿಲ್ಲ.